ಖಾಲಿ ಗೋಡೆಯ ಲೆಕ್ಕ: ಕಲೆಯಲ್ಲಿ ಮಾಸ್ಟರ್ಸ್ ಮಾಡುವುದೆಂದರೆ ಏನು?

ದೃಶ್ಯಕಲೆಯಲ್ಲಿ ಮಾಸ್ಟರ್ಸ್ ಮಾಡಿದವರನ್ನು ನಿಲ್ಲಿಸಿ, "ಅಲ್ಲಿ ಏನು ಕಲಿಸಿದರು?" ಅಂತ ಕೇಳಿ ನೋಡಿ. ಬಹಳ ಜನ ತಡವರಿಸುತ್ತಾರೆ. ಬಣ್ಣ ಬೆರೆಸುವುದು, ಎರಕ ಹೊಯ್ಯುವುದು, ಎದುರು ಕೂತವರನ್ನು ನೋಡಿ ಗೆರೆ ಎಳೆಯುವುದು, ಇವೆಲ್ಲ ಮೊದಲ ಪದವಿಯಲ್ಲೇ ಮುಗಿದಿರುತ್ತವೆ. ಮಾಸ್ಟರ್ಸ್ ವೇಳಾಪಟ್ಟಿಯಲ್ಲಿ ವಾರಕ್ಕೊಂದು ಸೆಮಿನಾರು, ಒಂದು ಉಪನ್ಯಾಸ, ಆಗಾಗ ಒಬ್ಬ ಮೇಷ್ಟ್ರ ಜೊತೆ ಮುಕ್ಕಾಲು ಗಂಟೆ ಮಾತು. ಉಳಿದ ಮನೆಗಳೆಲ್ಲ ಖಾಲಿ. ಈ ಖಾಲಿಗೇ ಅಷ್ಟೊಂದು ದುಡ್ಡಾ ಅಂತ ಹೆತ್ತವರು ಕೇಳಿದರೆ ಅವರದೇನೂ ತಪ್ಪಿಲ್ಲ.

ಆದರೆ ನಿಜಕ್ಕೂ ದುಡ್ಡು ಕೊಡುವುದು ಆ ಖಾಲಿಗೇ. ಯಾರೂ ಅಡ್ಡ ಬರದ ಸಮಯ. ಮೊಳೆ ಹೊಡೆದರೆ ಯಾರೂ ಬೈಯದ ಒಂದು ಗೋಡೆ. ನಿಮ್ಮ ಕೆಲಸವನ್ನು ಇವತ್ತೂ ನೋಡಿ, ಮುಂದಿನ ತಿಂಗಳೂ ನೋಡಿ, ಏನು ಬದಲಾಯಿತು ಅಂತ ಹೇಳಬಲ್ಲ ಹತ್ತು ಹದಿನೈದು ಜನ. ಕೋರ್ಸಿನ ತಿರುಳು ಇಷ್ಟೇ. ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಹೆಸರಾಂತ ಕಲಾಶಾಲೆಗಳಲ್ಲಿ ನಡೆದ ಜಗಳಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ, ಹೆಚ್ಚಿನವು ಈ ಮೂರರಲ್ಲಿ ಯಾವುದೋ ಒಂದಕ್ಕೆ ಕತ್ತರಿ ಬಿದ್ದಾಗ ಆದವು. ಹಾಗಾಗಿ ಅರ್ಜಿ ಹಾಕುವವರು ಶಾಲೆಯ ಹೆಸರು, ರ್ಯಾಂಕು ನೋಡುವ ಮೊದಲು ಈ ಮೂರರ ಲೆಕ್ಕ ಕೇಳಬೇಕು ಅಂತ ನನಗನ್ನಿಸುತ್ತದೆ.

ಚಿತ್ರ ಬರೆದರೆ ಪದವಿ ಕೊಡಬಹುದಾ?

ಕಲಾಶಾಲೆಗಳು ಹಳೆಯವು, ಈ ಪದವಿ ಅಷ್ಟು ಹಳೆಯದಲ್ಲ. ಪ್ರಬಂಧದ ಬದಲು ಸೃಜನಶೀಲ ಕೆಲಸವನ್ನೇ ಒಪ್ಪಿಸಿ ಸ್ನಾತಕೋತ್ತರ ಪದವಿ ಪಡೆಯಬಹುದು ಅಂತ ಅಮೆರಿಕದ ಅಯೋವಾ ವಿಶ್ವವಿದ್ಯಾಲಯ ಹೇಳಿದ್ದು 1922ರಲ್ಲಿ. ಅಲ್ಲಿ ಎಂಎಫ್ಎ (ಮಾಸ್ಟರ್ ಆಫ್ ಫೈನ್ ಆರ್ಟ್ಸ್, ಅಂದರೆ ಕಲೆಯ ಸ್ನಾತಕೋತ್ತರ ಪದವಿ) ಪಡೆದ ಮೊದಲಿಗರಲ್ಲಿ ಶಿಲ್ಪಿ ಎಲಿಜಬೆತ್ ಕ್ಯಾಟ್ಲೆಟ್ ಒಬ್ಬರು. ಅದು 1940. ಅದಕ್ಕೂ ಮೊದಲು, ಮೊದಲ ಪದವಿಗೆ ಸೇರಲು ಹೊರಟಾಗ, ಪಿಟ್ಸ್‌ಬರ್ಗಿನ ಕಾರ್ನೆಗಿ ತಾಂತ್ರಿಕ ಸಂಸ್ಥೆ ಕಪ್ಪು ಜನಾಂಗದವರು ಎಂಬ ಕಾರಣಕ್ಕೆ ಅವರನ್ನು ಬಾಗಿಲಲ್ಲೇ ತಡೆದಿತ್ತು. ಅಯೋವಾದಲ್ಲೂ ಹಾಸ್ಟೆಲಿನಲ್ಲಿ ಜಾಗ ಕೊಡಲಿಲ್ಲ. ಊರೊಳಗೆ ಬೇರೆ ಕಡೆ ಇದ್ದುಕೊಂಡು ಓದಿದರು.

ಅಲ್ಲಿ ಅವರ ಮೇಷ್ಟ್ರು ಚಿತ್ರಕಾರ ಗ್ರಾಂಟ್ ವುಡ್. ನಿನಗೆ ಚೆನ್ನಾಗಿ ಗೊತ್ತಿರುವುದನ್ನೇ ವಸ್ತುವಾಗಿ ತಗೋ ಅನ್ನುವುದು ಅವರ ಸಲಹೆ. ಕ್ಯಾಟ್ಲೆಟ್ ಸುಣ್ಣಕಲ್ಲಿನಲ್ಲಿ ತಾಯಿ ಮತ್ತು ಮಗುವನ್ನು ಕೆತ್ತಿದರು. 1940ರಲ್ಲಿ ಷಿಕಾಗೋದಲ್ಲಿ ನಡೆದ ದೊಡ್ಡ ಪ್ರದರ್ಶನದಲ್ಲಿ ಅದಕ್ಕೆ ಮೊದಲ ಬಹುಮಾನ ಬಂತು. ಇಲ್ಲಿ ಕಲಿಸಿದ್ದು ಎಷ್ಟು? ಒಂದು ವಾಕ್ಯ. ಆ ವಾಕ್ಯ ಕಲ್ಲಿಗೆ ಇಳಿಯಲು ಬೇಕಾದ ತಿಂಗಳುಗಳನ್ನು ಕೊಟ್ಟದ್ದು ಕೋರ್ಸು.

ಆಮೇಲೆ ಈ ಪದವಿಗೆ ಇನ್ನೊಂದು ಕೆಲಸ ಅಂಟಿಕೊಂಡಿತು. ಸ್ಟುಡಿಯೋ ಕಲೆಯಲ್ಲಿ ಎಂಎಫ್ಎಯೇ ಕೊನೆಯ ಪದವಿ, ಕಾಲೇಜಿನಲ್ಲಿ ಪಾಠ ಮಾಡಲು ಅಷ್ಟು ಸಾಕು ಅಂತ ಅಮೆರಿಕದ ಕಾಲೇಜ್ ಆರ್ಟ್ ಅಸೋಸಿಯೇಷನ್ 1977ರಲ್ಲಿ ಅಧಿಕೃತವಾಗಿ ಹೇಳಿತು. ಅಲ್ಲಿಂದ ಇದು ಮೇಷ್ಟ್ರ ಕೆಲಸದ ರಹದಾರಿ ಆಯಿತು. ಈಗ ಬ್ರಿಟನ್, ಫಿನ್ಲೆಂಡ್ ಮೊದಲಾದ ಕಡೆ ಕಲಾವಿದರು ತಮ್ಮ ಕೆಲಸದ ಮೇಲೇ ಪಿಎಚ್‌ಡಿ ಮಾಡುತ್ತಾರೆ. ಕಾಯಂ ಹುದ್ದೆಗಳು ಕಡಿಮೆ, ಪದವಿ ಹಿಡಿದು ನಿಂತವರು ಜಾಸ್ತಿ. ಪಾಠ ಮಾಡುವ ಕೆಲಸ ಸಿಗುತ್ತೆ ಅನ್ನುವ ಒಂದೇ ಕಾರಣಕ್ಕೆ ಸೇರುವುದಾದರೆ ಇನ್ನೊಮ್ಮೆ ಯೋಚಿಸಿ.

ಇಪ್ಪತ್ತು ಚಿತ್ರ, ಕೆಲವೇ ನಿಮಿಷ

ಅರ್ಜಿಯಲ್ಲಿ ನಿಜಕ್ಕೂ ತೂಗುವುದು ಪೋರ್ಟ್‌ಫೋಲಿಯೊ, ಅಂದರೆ ನಿಮ್ಮ ಕೆಲಸಗಳಿಂದ ಆಯ್ದ ಚಿತ್ರಗಳು. ಅಂಕಪಟ್ಟಿ, ಶಿಫಾರಸು ಪತ್ರ ಎಲ್ಲ ಬೇಕು, ಆದರೆ ಅವುಗಳಿಂದ ಸೀಟು ಸಿಗುವುದು ಅಪರೂಪ. ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ಚಿತ್ರ ಕೇಳುತ್ತಾರೆ. ಮೊದಲ ಸುತ್ತಿನಲ್ಲಿ ಆಯ್ಕೆ ಸಮಿತಿಯವರು ಅದನ್ನು ಕಂಪ್ಯೂಟರ್ ಪರದೆ ಮೇಲೆ ನೋಡುತ್ತಾರೆ. ಒಬ್ಬೊಬ್ಬರಿಗೆ ಸಿಗುವುದು ಕೆಲವು ನಿಮಿಷ. ಆರು ತಿಂಗಳು ಕೂತು ಮಾಡಿದ ಕೆಲಸಕ್ಕೆ ಹತ್ತು ಸೆಕೆಂಡ್ ಅಂದರೆ ಹೊಟ್ಟೆ ಉರಿಯುತ್ತೆ, ಆದರೆ ಇರುವುದು ಹಾಗೆಯೇ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಮೊದಲ ಪದವಿಗೆ ಸೇರುವಾಗ "ಇವರಿಗೆ ಎಲ್ಲ ಬರುತ್ತೆ" ಅಂತ ತೋರಿಸಿದರೆ ಒಳ್ಳೆಯದು. ಒಂದು ಭಾವಚಿತ್ರ, ಒಂದು ಜಲವರ್ಣ, ಒಂದು ಮಣ್ಣಿನ ಕೆಲಸ. ಮಾಸ್ಟರ್ಸ್‌ಗೆ ಅದೇ ಪಟ್ಟಿ ಕಳಿಸಿದರೆ ಕೆಲಸ ಕೆಡುತ್ತದೆ. ಅಲ್ಲಿ ನೋಡುವವರು ಹುಡುಕುವುದು ಒಂದು ಗೀಳನ್ನು. ಈ ವ್ಯಕ್ತಿ ಯಾವುದೋ ಒಂದರ ಬೆನ್ನು ಹತ್ತಿದ್ದಾರಾ? ಐದನೇ ಚಿತ್ರದಲ್ಲಿ ಸೋತದ್ದು ಆರನೆಯದಕ್ಕೆ ದಾರಿ ತೋರಿಸಿದೆಯಾ? ಕಳೆದ ಎರಡು ವರ್ಷದ ಕೆಲಸ, ಒಂದೋ ಎರಡೋ ಸರಣಿ, ಸಾಕು. ಚೆನ್ನಾಗಿದೆ ಅಂತ ಎಲ್ಲರೂ ಹೊಗಳಿದ ಹಳೇ ಚಿತ್ರವನ್ನು ಬಿಡುವುದು ಕಷ್ಟ, ಆದರೂ ಬಿಡಿ.

ಫೋಟೋ ವಿಷಯ ಬೇಗ ಹೇಳಿಬಿಡುತ್ತೇನೆ. ಹಗಲು ಬೆಳಕು, ನೇರ ಗೋಡೆ, ಅಂಚು ಸೊಟ್ಟ ಇರಬಾರದು, ಪಕ್ಕದಲ್ಲಿ ಪರದೆ, ಸ್ವಿಚ್‌ಬೋರ್ಡು ಕಾಣಬಾರದು. ಪ್ರತಿ ಚಿತ್ರದ ಕೆಳಗೆ ಹೆಸರು, ವರ್ಷ, ಮಾಧ್ಯಮ, ಅಳತೆ. ಅಳತೆ ಮರೆಯುವವರೇ ಹೆಚ್ಚು. ಪರದೆ ಮೇಲೆ ಅಂಗೈಯಗಲದ ಚಿತ್ರವೂ ಗೋಡೆಯಗಲದ ಚಿತ್ರವೂ ಒಂದೇ ಥರ ಕಾಣುತ್ತವೆ, ಅಲ್ವಾ? ದೊಡ್ಡ ಕೆಲಸವಾದರೆ ಅದು ಕೋಣೆಯಲ್ಲಿ ಹೇಗೆ ನಿಂತಿದೆ ಅನ್ನುವ ಒಂದು ದೂರದ ಫೋಟೋ ಹಾಕಿ. ವಿಡಿಯೋ ಆದರೆ ಮೊದಲ ನಿಮಿಷದಲ್ಲೇ ಏನಾದರೂ ನಡೆಯಲಿ.

ಇನ್ನು ಸ್ಟೇಟ್‌ಮೆಂಟ್, ಅಂದರೆ ನಿಮ್ಮ ಕೆಲಸದ ಬಗ್ಗೆ ನೀವೇ ಬರೆದುಕೊಡುವ ಟಿಪ್ಪಣಿ. ಕಲಾಲೋಕದ ಬರವಣಿಗೆಗೆ ತನ್ನದೇ ಒಂದು ವಿಚಿತ್ರ ಇಂಗ್ಲಿಷ್ ಇದೆ ಅಂತ ಅಲಿಕ್ಸ್ ರೂಲ್ ಮತ್ತು ಡೇವಿಡ್ ಲೆವಿನ್ 2012ರಲ್ಲಿ ಒಂದು ಪ್ರಬಂಧ ಬರೆದರು. ಪ್ರದರ್ಶನಗಳ ಸಾವಿರಾರು ಪ್ರಕಟಣೆಗಳನ್ನು ಜಾಲಾಡಿ, ಅದರ ವ್ಯಾಕರಣ ಹೇಗಿದೆ ಅಂತ ತೋರಿಸಿದರು. ಆಗ ಅದನ್ನು ಓದಿ ಎಲ್ಲರೂ ನಕ್ಕರು, ಬರೆಯುವುದನ್ನು ಮಾತ್ರ ಯಾರೂ ಬಿಡಲಿಲ್ಲ. ಈಗ ಯಂತ್ರಗಳು ಆ ಭಾಷೆಯನ್ನು ಮನುಷ್ಯರಿಗಿಂತ ಚೆನ್ನಾಗಿ ಬರೆಯುತ್ತವೆ. "ನನ್ನ ಕೃತಿಗಳು ನೆನಪು, ದೇಹ ಮತ್ತು ಅಸ್ಮಿತೆಯ ನಡುವಿನ ಸಂಬಂಧವನ್ನು ಶೋಧಿಸುತ್ತವೆ" ಅನ್ನುವ ಸಾಲನ್ನು ಎಐ ಒಂದು ಕ್ಷಣದಲ್ಲಿ ಕೊಡುತ್ತದೆ. ನೂರು ಅರ್ಜಿಗೆ ನೂರು ಸಲ ಕೊಡುತ್ತದೆ. ವ್ಯಾಕರಣ ತಿದ್ದಿಸಿಕೊಂಡರೆ ನನ್ನದೇನೂ ತಕರಾರಿಲ್ಲ. ತೊಂದರೆ ಏನಂದರೆ, ಆ ಸಾಲನ್ನು ಕಿತ್ತು ಬೇರೆ ಯಾರ ಚಿತ್ರದ ಕೆಳಗೆ ಅಂಟಿಸಿದರೂ ಅದು ಸರಿಹೋಗುತ್ತದೆ. ಅದೇ ಪರೀಕ್ಷೆ. ಅಂಟಿಕೊಂಡರೆ ಹರಿದು ಹಾಕಿ.

ನನ್ನ ಪರಿಚಯದ ಹುಡುಗಿಯೊಬ್ಬಳು ಮೂರು ಪುಟ ಬರೆದು ಅಳಿಸಿ, ಕೊನೆಗೆ ಹೀಗೆ ಶುರು ಮಾಡಿದ್ದಳು: "ನಾನು ಊಟದ ಮೇಜಿನ ಮೇಲೆ ಕೆಲಸ ಮಾಡುತ್ತೇನೆ. ಅದಕ್ಕೇ ನನ್ನ ಚಿತ್ರ ಯಾವುದೂ ಆ ಮೇಜಿಗಿಂತ ದೊಡ್ಡದಿಲ್ಲ. ಅದು ನನ್ನ ಆಯ್ಕೆಯಾ, ಮೇಜಿನ ಆಯ್ಕೆಯಾ ಗೊತ್ತಾಗಬೇಕು." ಯಾಕೆ ಈಗ, ಯಾಕೆ ಈ ಕೋರ್ಸು, ಎರಡಕ್ಕೂ ಉತ್ತರ ಅದರಲ್ಲೇ ಇತ್ತು. ಸಂದರ್ಶನದಲ್ಲಿ ಅವಳನ್ನು ಬರೀ ಮೇಜಿನ ಬಗ್ಗೆಯೇ ಕೇಳಿದರಂತೆ.

ಸಂದರ್ಶನದಲ್ಲಿ ನೋಡುವುದೂ ಅದನ್ನೇ. ಇವರ ಜೊತೆ ಎರಡು ವರ್ಷ ಮಾತಾಡಬಹುದಾ? ಎಲ್ಲದಕ್ಕೂ ಸಿದ್ಧ ಉತ್ತರ ಇಟ್ಟುಕೊಂಡವರಿಗೆ ಕೋರ್ಸು ಯಾಕೆ ಬೇಕು ಅನ್ನುವ ಅನುಮಾನ ಬರುತ್ತದೆ. "ಇದು ಯಾಕೆ ಹೀಗೆ ಆಯಿತೋ ನನಗಿನ್ನೂ ಗೊತ್ತಿಲ್ಲ" ಅಂತ ಹೇಳಿ, ಏನೇನು ಪ್ರಯತ್ನ ಮಾಡಿದಿರಿ ಅಂತ ವಿವರಿಸಿದರೆ ಆ ಮಾತು ಮುಂದಕ್ಕೆ ಹೋಗುತ್ತದೆ.

ಅಂದಹಾಗೆ, ಈ ಆಯ್ಕೆಯೇ ಸುಳ್ಳು ಅಂತ ವಾದಿಸಿದ ಮೇಷ್ಟ್ರೂ ಇದ್ದರು. ಜರ್ಮನಿಯ ಡಸೆಲ್‌ಡಾರ್ಫ್ ಅಕಾಡೆಮಿಯಲ್ಲಿ 1961ರಿಂದ ಪ್ರೊಫೆಸರ್ ಆಗಿದ್ದ ಯೋಸೆಫ್ ಬಾಯ್ಸ್, ಕಲಿಯಲು ಬಂದ ಯಾರನ್ನೂ ಹೊರಗಿಡಬಾರದು ಅಂದರು. ಅಕಾಡೆಮಿ ತಿರಸ್ಕರಿಸಿದವರನ್ನು ತಮ್ಮ ತರಗತಿಗೆ ಸೇರಿಸಿಕೊಂಡರು, ಅವರ ಜೊತೆ ಕಚೇರಿಯಲ್ಲಿ ಧರಣಿ ಕೂತರು. 1972ರ ಅಕ್ಟೋಬರಿನಲ್ಲಿ ಸರ್ಕಾರ ಅವರನ್ನು ಕೆಲಸದಿಂದ ತೆಗೆಯಿತು. ವರ್ಷಗಟ್ಟಲೆ ಕೇಸು ನಡೆದು, 1978ರಲ್ಲಿ ವಜಾ ಮಾಡಿದ್ದು ಸರಿಯಲ್ಲ ಅಂತ ತೀರ್ಪು ಬಂತು. ಬಾಯ್ಸ್ ಹೇಳಿದ್ದು ಸರಿಯಾ? ತತ್ವಕ್ಕೆ ಸರಿ ಅನ್ನಿಸುತ್ತೆ. ಆದರೆ ನೂರಾರು ಜನರ ಕೆಲಸವನ್ನು ಒಬ್ಬ ಮೇಷ್ಟ್ರು ಎಷ್ಟು ಹೊತ್ತು ನೋಡಬಲ್ಲರು? ಸೀಟಿನ ಮಿತಿ ಕೊನೆಗೆ ನೋಡುವ ಸಮಯದ ಮಿತಿಯೇ.

ಸೇರಿದ ಮೇಲೆ ಮೊದಲು ಕೆಡುವುದು ಕೆಲಸವೇ

ಇದನ್ನು ಯಾವ ಶಾಲೆಯ ಕೈಪಿಡಿಯೂ ಹೇಳುವುದಿಲ್ಲ. ಯಾವ ಕೆಲಸ ತೋರಿಸಿ ಸೀಟು ತಗೊಂಡಿರೋ, ಆ ಕೆಲಸ ಮೊದಲ ಮೂರು ತಿಂಗಳಲ್ಲಿ ನಿಂತುಹೋಗುತ್ತದೆ. ಪಕ್ಕದ ಸ್ಟುಡಿಯೋದವರು ನಿಮಗಿಂತ ಚೆನ್ನಾಗಿ ಮಾಡುತ್ತಾರೆ. ಮೇಷ್ಟ್ರು ಬಂದು, ನೀವು ಹೆಮ್ಮೆಪಟ್ಟುಕೊಂಡಿದ್ದ ಜಾಗ ಬಿಟ್ಟು ಮೂಲೆಯಲ್ಲಿ ಬಿದ್ದಿದ್ದ ಚೂರನ್ನು ಎತ್ತಿ "ಇದೇನು?" ಅಂತ ಕೇಳುತ್ತಾರೆ. ಅಲ್ಲಿಂದ ಒಂದಷ್ಟು ದಿನ ಏನು ಮಾಡಿದರೂ ಕೆಟ್ಟದಾಗಿ ಬರುತ್ತದೆ. ತಾನು ಇಲ್ಲಿ ತಪ್ಪಿ ಬಂದೆ ಅಂತ ಎಲ್ಲರಿಗೂ ಅನ್ನಿಸುತ್ತದೆ, ಯಾರೂ ಬಾಯಿ ಬಿಡುವುದಿಲ್ಲ. ನನ್ನ ಪ್ರಕಾರ ಕೋರ್ಸು ಕೆಲಸ ಮಾಡಲು ಶುರು ಮಾಡುವುದು ಇಲ್ಲಿಂದಲೇ.

ಕ್ಯಾಲಿಫೋರ್ನಿಯಾದ ಕಲಾವಿದ ಜಾನ್ ಬಾಲ್ಡೆಸ್ಸಾರಿ ಇದನ್ನು ತನಗೆ ತಾನೇ ಮಾಡಿಕೊಂಡರು. 1953ರಿಂದ 1966ರವರೆಗೆ ಬರೆದು ತಮ್ಮ ಹತ್ತಿರ ಇಟ್ಟುಕೊಂಡಿದ್ದ ಪೇಂಟಿಂಗ್‌ಗಳನ್ನೆಲ್ಲ 1970ರಲ್ಲಿ ಹೆಣ ಸುಡುವ ಕುಲುಮೆಗೆ ಕೊಂಡೊಯ್ದು ಸುಡಿಸಿದರು. ಬೂದಿಯಲ್ಲಿ ಸ್ವಲ್ಪವನ್ನು ಕುಕೀ ಹಿಟ್ಟಿಗೆ ಬೆರೆಸಿ ಬೇಯಿಸಿ ಪ್ರದರ್ಶನಕ್ಕೂ ಇಟ್ಟರು. ಅದೇ ವರ್ಷ ಕ್ಯಾಲ್‌ಆರ್ಟ್ಸ್ ಶಾಲೆಯಲ್ಲಿ ಪಾಠಕ್ಕೆ ಸೇರಿದರು. ಎಲ್ಲರೂ ಇಷ್ಟು ದೂರ ಹೋಗಬೇಕಿಲ್ಲ, ಬೆಂಕಿಕಡ್ಡಿ ಕೆಳಗಿಡಿ. ಆದರೆ ಹಳೆಯದನ್ನು ಕೈಬಿಡಲು ಪುರುಸೊತ್ತು ಬೇಕು ಅನ್ನುವುದು ನೆನಪಿರಲಿ. ಅದು ಮುಂದೆ ಬರುತ್ತದೆ.

ಕೋರ್ಸಿನ ಹೃದಯ ಅಂದರೆ ಕ್ರಿಟ್. ನಿಮ್ಮ ಕೆಲಸವನ್ನು ಗೋಡೆಗೆ ಹಾಕುತ್ತೀರಿ, ಸಹಪಾಠಿಗಳೂ ಮೇಷ್ಟ್ರೂ ಸುತ್ತ ಕೂತು ಅದರ ಬಗ್ಗೆ ಮಾತಾಡುತ್ತಾರೆ. ಕೆಲವು ಕಡೆ ಮಾಡಿದವರು ಬಾಯಿ ಮುಚ್ಚಿಕೊಂಡು ಕೂರಬೇಕು. ತಮ್ಮ ಕೆಲಸ ತಾವಿಲ್ಲದಾಗ ಏನು ಹೇಳುತ್ತದೆ ಅಂತ ಕೇಳಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ. ಕ್ಯಾಲ್‌ಆರ್ಟ್ಸ್‌ನಲ್ಲೇ ಮೈಕಲ್ ಆಶರ್ ದಶಕಗಳ ಕಾಲ ನಡೆಸಿದ ಕ್ರಿಟ್ ತರಗತಿ ದಂತಕಥೆಯಾಗಿದೆ. ಬೆಳಿಗ್ಗೆ ಶುರುವಾದದ್ದು ಎಷ್ಟೋ ಸಲ ನಡುರಾತ್ರಿ ದಾಟುತ್ತಿತ್ತು. ದಿನಕ್ಕೆ ಎರಡು ಮೂರು ಜನರ ಕೆಲಸ ಮಾತ್ರ. ಆಶರ್ ಹೆಚ್ಚು ಮಾತಾಡುತ್ತಿರಲಿಲ್ಲ. ಮಾತು ಖಾಲಿಯಾದ ಮೇಲೂ ಜನ ಕೂತೇ ಇರುತ್ತಿದ್ದರು, ಮೂರನೇ ಗಂಟೆಯಲ್ಲಿ ಯಾರೋ ಒಬ್ಬರು ಹೇಳಬೇಕಾದ್ದನ್ನು ಹೇಳುತ್ತಿದ್ದರು. ಪೋರ್ಟ್‌ಫೋಲಿಯೊದ ಒಂದು ಚಿತ್ರಕ್ಕೆ ಸಿಗುವ ಹತ್ತು ಸೆಕೆಂಡನ್ನೂ ಈ ಮೂರು ಗಂಟೆಯನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಅರ್ಜಿ ಹಾಕುವುದೇ ಆ ಹತ್ತು ಸೆಕೆಂಡಿನಿಂದ ಈ ಮೂರು ಗಂಟೆಗೆ ದಾಟಲು.

ಕೆಟ್ಟ ಕ್ರಿಟ್‌ಗಳೂ ಇವೆ. ಅಳಿಸುವುದನ್ನೇ ಶೌರ್ಯ ಅಂದುಕೊಂಡ ಮೇಷ್ಟ್ರುಗಳಿದ್ದಾರೆ. ಅದಕ್ಕಿಂತ ಜಾಸ್ತಿ ಕಾಣುವುದು ಇನ್ನೊಂದು ಬಗೆ: ಎಲ್ಲರೂ "ಚೆನ್ನಾಗಿದೆ, ಬಣ್ಣ ಇಷ್ಟ ಆಯ್ತು" ಅಂದು ಇಪ್ಪತ್ತು ನಿಮಿಷಕ್ಕೆ ಎದ್ದುಹೋಗುವುದು. ಎರಡರಿಂದಲೂ ನಷ್ಟವೇ. ನಿಮ್ಮ ಸರದಿ ಬಂದಾಗ ಗೆಳೆಯರೊಬ್ಬರಿಗೆ ಪುಸ್ತಕ ಪೆನ್ನು ಕೊಟ್ಟು ಹೇಳಿದ್ದನ್ನೆಲ್ಲ ಬರೆದಿಡಲು ಕೇಳಿ. ಆ ಹೊತ್ತಿಗೆ ನಿಮ್ಮ ಕಿವಿ ಕೆಲಸ ಮಾಡುವುದಿಲ್ಲ.

ಗೆಳೆಯರು ಅಂದೆ. ಮೇಷ್ಟ್ರ ಹೆಸರು ನೋಡಿ ಶಾಲೆ ಆರಿಸುತ್ತೇವೆ, ಕಲಿಯುವುದು ಮಾತ್ರ ಪಕ್ಕದ ಗೋಡೆಯವರಿಂದ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಿಂದ 1964ರಲ್ಲಿ ಎಂಎಫ್ಎ ಪಡೆದವರಲ್ಲಿ ರಿಚರ್ಡ್ ಸೆರಾ ಇದ್ದರು, ಚಕ್ ಕ್ಲೋಸ್ ಇದ್ದರು. ಬ್ರೈಸ್ ಮಾರ್ಡನ್ ಅದಕ್ಕೆ ಒಂದು ವರ್ಷ ಹಿಂದಿನವರು. ಒಬ್ಬರು ಉಕ್ಕಿನ ಹಾಳೆ ನಿಲ್ಲಿಸಿದರು, ಒಬ್ಬರು ಮುಖಗಳನ್ನು ಆಳೆತ್ತರಕ್ಕಿಂತ ದೊಡ್ಡದಾಗಿ ಬರೆದರು, ಒಬ್ಬರು ಬರೀ ಬಣ್ಣದ ಮೈ ಹಿಡಿದು ಕೂತರು. ಒಂದೇ ಕಾರಿಡಾರಿನಿಂದ ಬಂದವರು ಒಂದೇ ಥರ ಆಗಲಿಲ್ಲ.

ಕತ್ತರಿ ಬೀಳುವುದು ಎಲ್ಲಿಗೆ

ಮೊದಲು ಸಮಯಕ್ಕೆ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್ 1837ರಲ್ಲಿ ಹುಟ್ಟಿದ್ದು, ಈಗ ಬರೀ ಸ್ನಾತಕೋತ್ತರ ಓದಿಗೆ ಮೀಸಲು. ಅಲ್ಲಿ ಎಂಎ ಅಂದರೆ ಎರಡು ವರ್ಷ ಅಂತಲೇ ಎಲ್ಲರ ತಲೆಯಲ್ಲಿತ್ತು. 2022ರ ಹೊತ್ತಿಗೆ ಹೆಚ್ಚಿನ ಎಂಎ ಕೋರ್ಸುಗಳನ್ನು ಒಂದು ವರ್ಷಕ್ಕೆ ಇಳಿಸಿದರು. ಒಂದು ವರ್ಷವಾದರೆ ಬಾಡಿಗೆ, ಊಟದ ಖರ್ಚು ಅರ್ಧ. ಕೆಲಸ ಬಿಟ್ಟು ಬರುವವರಿಗೆ, ಮಕ್ಕಳಿರುವವರಿಗೆ ಅದು ದೊಡ್ಡ ಮಾತು, ತಳ್ಳಿಹಾಕುವಂತಿಲ್ಲ. ಆದರೆ ಮೇಲೆ ಹೇಳಿದ ಕೆಡುವಿಕೆ ಇದೆಯಲ್ಲ, ಅದಕ್ಕೆ ಒಂದು ವರ್ಷದಲ್ಲಿ ಜಾಗ ಎಲ್ಲಿ? ಮೂರು ತಿಂಗಳು ಕೆಟ್ಟರೆ, ಚೇತರಿಸಿಕೊಳ್ಳುವಷ್ಟರಲ್ಲಿ ಡಿಗ್ರಿ ಶೋ (ಕೋರ್ಸಿನ ಕೊನೆಯ ಪ್ರದರ್ಶನ) ಪಟ್ಟಿ ಬಂದಿರುತ್ತದೆ. ಜಾಣ ವಿದ್ಯಾರ್ಥಿ ಏನು ಮಾಡುತ್ತಾನೆ? ಕೆಡಿಸಿಕೊಳ್ಳುವುದೇ ಇಲ್ಲ. ಸೀಟು ಕೊಡಿಸಿದ ಕೆಲಸವನ್ನೇ ಸ್ವಲ್ಪ ದೊಡ್ಡದು ಮಾಡಿ ತೋರಿಸಿ ಹೊರಡುತ್ತಾನೆ. ತನ್ನದೇ ದಾರಿ ಗಟ್ಟಿಯಾಗಿ ಹಿಡಿದ, ಹತ್ತು ವರ್ಷ ಕೆಲಸ ಮಾಡಿದವರಿಗೆ ಒಂದು ವರ್ಷ ಸಾಕು. ಮೊದಲ ಪದವಿ ಮುಗಿಸಿ ನೇರ ಬಂದವರಿಗೆ ಸಾಲದು ಅಂತಲೇ ನಾನು ಹೇಳುವುದು.

ಆಮೇಲೆ ಗೋಡೆಗೆ, ಜನಕ್ಕೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 2018ರಲ್ಲಿ ದೃಶ್ಯಕಲೆಯ 54 ಎಂಎಫ್ಎ ವಿದ್ಯಾರ್ಥಿಗಳಲ್ಲಿ 51 ಜನ ಶುಲ್ಕ ವಾಪಸ್ ಕೇಳಿದರು. ಸ್ಟುಡಿಯೋ ಕಟ್ಟಡದ ಸ್ಥಿತಿ ಕೆಟ್ಟಿತ್ತು, ಹೆಸರು ನೋಡಿ ಬಂದ ಪ್ರಾಧ್ಯಾಪಕರು ಕೈಗೆ ಸಿಗುತ್ತಿರಲಿಲ್ಲ ಅನ್ನುವುದು ಅವರ ದೂರು. ಅದಕ್ಕೂ ಮೊದಲು, 2015ರಲ್ಲಿ, ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕಲಾಶಾಲೆಯಲ್ಲಿ ಮೊದಲ ವರ್ಷದ ಎಂಎಫ್ಎ ತರಗತಿಯ ಏಳೂ ಜನ ಒಟ್ಟಿಗೆ ಕೋರ್ಸು ಬಿಟ್ಟರು. ಸೇರುವಾಗ ಹೇಳಿದ ಹಣದ ನೆರವನ್ನೂ ಪಠ್ಯವನ್ನೂ ಮೇಷ್ಟ್ರುಗಳನ್ನೂ ಆಮೇಲೆ ಬದಲಾಯಿಸಿದರು ಅಂತ. ಇಡೀ ತರಗತಿ ಎದ್ದು ಹೋಗುವುದು ಸಣ್ಣ ವಿಷಯ ಅಲ್ಲ.

ಶಾಲೆಯೇ ಇಲ್ಲವಾಗುವುದೂ ಉಂಟು. 1871ರಲ್ಲಿ ಶುರುವಾದ ಸ್ಯಾನ್ ಫ್ರಾನ್ಸಿಸ್ಕೋ ಆರ್ಟ್ ಇನ್‌ಸ್ಟಿಟ್ಯೂಟ್ 2022ರಲ್ಲಿ ಬಾಗಿಲು ಹಾಕಿತು. ಫಿಲಡೆಲ್ಫಿಯಾದ ಯೂನಿವರ್ಸಿಟಿ ಆಫ್ ದಿ ಆರ್ಟ್ಸ್ 2024ರ ಮೇ 31ರಂದು ಮುಚ್ಚುವ ಸುದ್ದಿ ಕೊಟ್ಟು ಜೂನ್ 7ಕ್ಕೆ ಮುಚ್ಚಿಯೇ ಬಿಟ್ಟಿತು. ಒಂದೇ ವಾರ!

ಅಮೆರಿಕದಲ್ಲಿ ಈಗ ಸಾಲದ ನಿಯಮವೂ ಬದಲಾಗಿದೆ. 2006ರಿಂದ ಅಲ್ಲಿನ ಸ್ನಾತಕೋತ್ತರ ವಿದ್ಯಾರ್ಥಿಗಳು ಗ್ರಾಡ್ ಪ್ಲಸ್ ಅನ್ನುವ ಸರ್ಕಾರಿ ಸಾಲದಲ್ಲಿ ಕೋರ್ಸಿನ ಪೂರ್ತಿ ಖರ್ಚಿನವರೆಗೂ ತೆಗೆದುಕೊಳ್ಳಬಹುದಿತ್ತು. 2025ರ ಜುಲೈನಲ್ಲಿ ಆದ ಕಾನೂನು ಇದನ್ನು 2026ರ ಜುಲೈ 1ರಿಂದ ಹೊಸಬರಿಗೆ ನಿಲ್ಲಿಸುತ್ತದೆ. ಸಾಮಾನ್ಯ ಸ್ನಾತಕೋತ್ತರ ಕೋರ್ಸಿಗೆ ವರ್ಷಕ್ಕೆ 20,500 ಡಾಲರ್, ಒಟ್ಟು 1,00,000 ಡಾಲರ್ ಮಿತಿ. ವೈದ್ಯ, ಕಾನೂನು ಮುಂತಾದ ವೃತ್ತಿಪರ ಕೋರ್ಸುಗಳಿಗೆ ಇದಕ್ಕಿಂತ ಹೆಚ್ಚಿನ ಮಿತಿ. ಎಂಎಫ್ಎ ಆ ಗುಂಪಿನಲ್ಲಿಲ್ಲ. ಹೊರದೇಶದವರಿಗೆ ಈ ಸಾಲ ಮೊದಲೂ ಸಿಗುತ್ತಿರಲಿಲ್ಲ, ಹಾಗಾದರೆ ಅವರಿಗೇನು ಅಂತ ಕೇಳಬಹುದು. ಸಾಲದ ದುಡ್ಡಿನ ಮೇಲೆ ನಿಂತಿದ್ದ ದುಬಾರಿ ಖಾಸಗಿ ಶಾಲೆಗಳು ಆ ಕೊರತೆಯನ್ನು ಎಲ್ಲಿಂದಲಾದರೂ ತುಂಬಿಕೊಳ್ಳಬೇಕಲ್ಲ. ಶುಲ್ಕ ಇಳಿಸಬಹುದು. ಇಲ್ಲಾ, ಹೊರದೇಶದ ವಿದ್ಯಾರ್ಥಿಗಳನ್ನು ಜಾಸ್ತಿ ಸೇರಿಸಿ, ಅದೇ ಕಟ್ಟಡದಲ್ಲಿ ಗೋಡೆಗಳನ್ನು ಇನ್ನಷ್ಟು ಚಿಕ್ಕದಾಗಿ ಹಂಚಬಹುದು. ಎರಡನೆಯದೇ ಸುಲಭ ಅಂತ ನನ್ನ ಅನುಮಾನ.

ಬೇರೆ ದಾರಿಗಳಿವೆ. ಅಮೆರಿಕದ ಕೆಲವು ಸರ್ಕಾರಿ ವಿಶ್ವವಿದ್ಯಾಲಯಗಳು ಎಂಎಫ್ಎ ವಿದ್ಯಾರ್ಥಿಗಳಿಂದ ಕಿರಿಯ ತರಗತಿಗಳಿಗೆ ಪಾಠ ಮಾಡಿಸಿ, ಬದಲಿಗೆ ಶುಲ್ಕ ಮಾಫಿ ಮಾಡಿ ಸ್ವಲ್ಪ ಸಂಬಳವನ್ನೂ ಕೊಡುತ್ತವೆ. ಇವುಗಳ ಹೆಸರು ದೊಡ್ಡದಿರಲಿಕ್ಕಿಲ್ಲ, ಆದರೆ ಜಾಗ ಧಾರಾಳ. ಜರ್ಮನಿಯ ಅಕಾಡೆಮಿಗಳಲ್ಲಿ ಶುಲ್ಕ ಬಹಳ ಕಡಿಮೆ. ಅಲ್ಲಿ ಒಬ್ಬ ಪ್ರೊಫೆಸರ್ ತರಗತಿಗೆ ಸೇರಿ ವರ್ಷಗಟ್ಟಲೆ ಅದರಲ್ಲೇ ಇರುತ್ತೀರಿ, ಹಾಗಾಗಿ ಆ ಪ್ರೊಫೆಸರ್ ಯಾರು ಅನ್ನುವುದೇ ಎಲ್ಲ. ಪದವಿಯ ಕಾಗದ ಬೇಡ ಅನ್ನುವವರಿಗೆ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಅಕಾಡೆಮಿ ಸ್ಟುಡಿಯೋದ ಜೊತೆ ಖರ್ಚಿಗೂ ಕೊಡುತ್ತದೆ. ಅಮೆರಿಕದಲ್ಲಿ 1946ರಿಂದ ನಡೆಯುತ್ತಿರುವ ಸ್ಕೌಹೀಗನ್ ಬೇಸಿಗೆ ಶಾಲೆ ಒಂಬತ್ತು ವಾರದ್ದು. ಸೀಟು ಸಿಗುವುದು ಕಷ್ಟವೇ.

ಕೇಳಬೇಕಾದವರನ್ನು ಕೇಳಿ

ಶಾಲೆಯ ಪ್ರವೇಶ ವಿಭಾಗಕ್ಕೆ ಫೋನ್ ಮಾಡಿದರೆ ಚೆಂದದ ಉತ್ತರ ಸಿಗುತ್ತದೆ. ಎರಡನೇ ವರ್ಷದ ವಿದ್ಯಾರ್ಥಿಗೆ ಮೆಸೇಜ್ ಮಾಡಿ. ರಾತ್ರಿ ಹನ್ನೊಂದಕ್ಕೆ ಸ್ಟುಡಿಯೋ ತೆರೆದಿರುತ್ತಾ? ರಜೆಯಲ್ಲಿ? ನಿಮ್ಮ ಗೋಡೆ ಎಷ್ಟು ಅಡಿ? ಮರದ ವರ್ಕ್‌ಶಾಪಿನಲ್ಲಿ ಸರದಿಗೆ ಎಷ್ಟು ದಿನ ಕಾಯಬೇಕು? ಜಾಹೀರಾತಿನಲ್ಲಿ ಮೊದಲು ಬರೆದಿರುವ ಆ ದೊಡ್ಡ ಕಲಾವಿದರು ಈ ವರ್ಷ ನಿಮ್ಮ ಕೆಲಸವನ್ನು ಎಷ್ಟು ಸಲ ನೋಡಿದರು? ಕ್ರಿಟ್‌ನಲ್ಲಿ ಒಬ್ಬರಿಗೆ ಎಷ್ಟು ಹೊತ್ತು? ಇವಕ್ಕೆಲ್ಲ ಸಂಖ್ಯೆಯಲ್ಲೇ ಉತ್ತರ ಇದೆ. "ವಾತಾವರಣ ಚೆನ್ನಾಗಿದೆ" ಅಂದರೆ ಇನ್ನೊಬ್ಬರನ್ನು ಕೇಳಿ.

ಇನ್ನೊಂದು ಪ್ರಶ್ನೆ ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದದ್ದು, ಅದೂ ಅರ್ಜಿ ತುಂಬುವಾಗಲೇ: ಕೋರ್ಸು ಮುಗಿದ ಮರು ತಿಂಗಳು ಎಲ್ಲಿ ಕೂತು ಕೆಲಸ ಮಾಡುತ್ತೀರಿ? ಡಿಗ್ರಿ ಶೋ ಗದ್ದಲದಲ್ಲಿ ಇದನ್ನು ಯಾರೂ ಯೋಚಿಸುವುದಿಲ್ಲ. ನೆಂಟರು ಬರುತ್ತಾರೆ, ಗ್ಯಾಲರಿಯವರು ಬರಬಹುದು, ಫೋಟೋ ತೆಗೆಸಿಕೊಳ್ಳುತ್ತೀರಿ. ಮರುದಿನವೋ ಮರುವಾರವೋ ಒಂದು ನೋಟಿಸು ಬರುತ್ತದೆ. ಕೆಲಸಗಳನ್ನು ಇಳಿಸಿ ತಗೊಂಡು ಹೋಗಿ. ಮೊಳೆ ಕಿತ್ತು, ತೂತಿಗೆ ಪುಟ್ಟಿ ತುಂಬಿ, ಗೋಡೆಗೆ ಬಿಳಿ ಬಣ್ಣ ಬಳಿದು ಕೀಲಿ ಒಪ್ಪಿಸಿ. ಸೆಪ್ಟೆಂಬರಿನಲ್ಲಿ ಮುಂದಿನ ಬ್ಯಾಚು ಬರುತ್ತದೆ.